ಕುಟ್ಟುವವರಿಲ್ಲದ ಒನಕೆ

ಆಗ ನನಗೆ ಅರವತ್ತೆಂಟು. ಆರು ವರ್ಷದ ಹಿಂದಿನ ಮಾತು. ನನ್ನ ತಮ್ಮನಿಗೆ ಹುಚ್ಚು ಹಿಡಿದಿದೆ ಎಂದು ಶಹಾಪುರದ ಸಂತೆಯ ತುಂಬ ಹೇಳಿಕೊಂಡು ಬಂದವಳು ಬೇರೆ ಯಾರೂ ಅಲ್ಲ, ನಾನೇ!

ಅವನು ಸುರಪುರದಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದ. ಕಾಲುವೆ ಬಂದು ಹೊಲಹೊಲಕ್ಕೂ ಪಂಪು ಕೂತ ಮೇಲೆ ಅವನ ಅಂಗಡಿಗೆ ಬಿಡುವೇ ಇರಲಿಲ್ಲ. ಅರವತ್ತಕ್ಕೆ ಕೈ ನಡುಗತೊಡಗಿತು. ಹೆಂಡತಿ ಮಕ್ಕಳಿಲ್ಲದವ, ಅಂಗಡಿ ಮುಚ್ಚಿ ನನ್ನ ಮನೆಗೆ ಬಂದ. ತಂದದ್ದೇನು? ಎರಡು ಅಂಗಿ, ಒಂದು ಹಳೆಯ ಲ್ಯಾಪ್‌ಟಾಪು. ಬಂದವನೇ ಬಾಗಿಲು ಹಾಕಿಕೊಂಡು ಕೂತ.

ಬಾಗಿಲು ಹಾಕಿಕೊಳ್ಳುವ ಗಂಡಸನ್ನು ನಾನು ನಂಬುವುದಿಲ್ಲ. ಕಿಟಕಿಯಲ್ಲಿ ಇಣುಕಿದೆ. ಲ್ಯಾಪ್‌ಟಾಪಿನ ಪರದೆಯ ತುಂಬ ಪೆಟ್ಟಿಗೆಗಳು, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಕೆಂಪು, ಹಳದಿ ತಂತಿಗಳು.

"ಏನ್ಲೇ ಅದು?"

"ಸಪ್ಳ ಮಾಡೋ ಯಂತ್ರ, ಅಕ್ಕ."

"ಯಂತ್ರ ಎಲ್ಲದ?"

"ಇಲ್ಲ. ಬರೇ ಚಿತ್ರ."

"ತಂತಿ?"

"ಅವೂ ಚಿತ್ರ."

ಜೀವಮಾನವಿಡೀ ತಾಮ್ರದ ತಂತಿ ಸುತ್ತಿದವನು ಈಗ ಇಲ್ಲದ ತಂತಿ ಜೋಡಿಸುತ್ತಿದ್ದಾನೆ! ನೀವಾದರೆ ಏನು ತಿಳಿಯುತ್ತಿದ್ದಿರಿ?

ಆಮೇಲೆ ಸದ್ದು ಶುರುವಾಯಿತು. ಮಟಮಟ ಮಧ್ಯಾಹ್ನ ಧಮ್, ಧಮ್, ಒನಕೆ ಕುಟ್ಟಿದ ಹಾಗೆ. ನಮ್ಮ ಓಣಿಯಲ್ಲಿ ಒನಕೆ ಎಲ್ಲಿಂದ ಬರಬೇಕು? ಕಾಲುವೆ ನೀರಿಗೆ ನವಣೆ ಹೋಗಿ ಭತ್ತ ಬಂತು, ಭತ್ತದ ಹಿಂದೆ ಗಿರಣಿ ಬಂತು, ಒನಕೆಗಳು ಒಲೆಗೆ ಹೋದವು. ಪಕ್ಕದ ಮನೆಯ ಮಲ್ಲಮ್ಮ ಗೋಡೆಯಾಚೆಯಿಂದ ಕೂಗಿದಳು:

"ಯಕ್ಕಾ, ನಿಮ್ಮನಿಯಾಗ ಕುಟ್ಟೋರು ಇಲ್ದ ಕುಟ್ಟೋ ಸಪ್ಳ ಬರಾಕತ್ತದ. ಇದು ಭಾನಾಮತಿನೇ!"

"ಭಾನಾಮತಿ ಅಲ್ಲವ್ವಾ, ನನ್ನ ತಮ್ಮ."

"ಅಯ್ಯ, ಭಾನಾಮತಿ ಆದ್ರ ಇಳಿಸಬಹುದು. ತಮ್ಮ ಆದ್ರ ಹೆಂಗ ಇಳಿಸ್ತಿ?"

ವಾರದೊಳಗೆ ಮಜ್ಜಿಗೆಗೆ ಬರುವವರು ನಿಂತರು. ಅಂಗಳಕ್ಕೆ ಹರಟಲು ಬರುವವರೂ ನಿಂತರು. ನಾಯಿ ಕೂಡ ಆಚೆ ದಾರಿ ಹಿಡಿಯಿತು! ನನಗೂ ಒಳಗೊಳಗೆ ಸಂಶಯ. ಸುಮ್ಮಸುಮ್ಮನೆ ಯಾರಾದರೂ ಒನಕೆ ಸದ್ದು ಮಾಡುತ್ತಾರೆಯೇ?

"ಆ ಪೆಟಗಿ ಮುಚ್ಚಿಡು, ಇಲ್ಲಂದ್ರ ಸುರಪುರಕ್ಕ ನಡಿ," ಅಂದೆ.

"ಮುಚ್ಚೂದಿಲ್ಲ ಅಕ್ಕ."

"ಹಂಗಾದ್ರ ನಡಿ. ಮುಂಜಾನಿಗೆ ಆಟೊ ಹೇಳೇನಿ."

ಸಂಜೆ ಅವನ ಗಂಟು ಕಟ್ಟಲು ಹೋದೆ. ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ಎರಡು ಒನಕಿ ಬೇಕು ಅಕ್ಕ. ಒಂದು ಪೆಟ್ಟು ಮುಗಿಯೂದ್ರಾಗ ಇನ್ನೊಂದು ಬಂದ್ರ ಈ ಯಂತ್ರ ಎರಡೂ ಒಂದೇ ಅಂತ ತಿಳೀತದ. ಎರಡನೇದ್ದು ಹೊಡಿಯೂದೇ ಇಲ್ಲ. ಪ್ರತಿಸಲ ಹೊಸದಾಗಿ ಹೊಡಿ ಅನ್ನೋ ಗುಂಡಿ ಒಂದು ಅದ, ರೀಟ್ರಿಗರ್ ಅಂತಾರ. ಅದನ್ನ ಒತ್ತಿದ್ರ ಕಟ್ಟಿಗಿ ಮುರಿದಂಗ ಕಟ್ ಅಂತದ."

ನಾನು ಓದಿದವಳಲ್ಲ. ಆದರೆ ಕುಟ್ಟಿದವಳು.

"ಲೇ ಖೋಡಿ, ಅವ್ವ ಪೆಟ್ಟು ಹಾಕಿ ಒನಕಿ ಒರಳಾಗೇ ಇಟ್ಟು ನಿಂದ್ರತಿದ್ಲೇನು? ಬಿದ್ದ ಕೂಡ್ಲೆ ಎತ್ತತಿದ್ಲು. ಆಕಿ ಎತ್ತಿದ್ರ ನನ್ನ ಒನಕಿಗಿ ಜಾಗ. ಮೊದಲ ನಿನ್ನ ಒನಕಿ ಎತ್ತು!"

ಅವನು ನನ್ನ ಮುಖ ನೋಡಿದ. ಪೆಟ್ಟು ಎಷ್ಟು ಹೊತ್ತು ನಿಲ್ಲಬೇಕೆಂದು ಹೇಳುವ ಗುಂಡಿ ಬೇರೆ ಇದೆಯಂತೆ, ಅದಕ್ಕೆ ಗೇಟ್ ಅನ್ನುತ್ತಾರಂತೆ. ನಡುಗುವ ಬೆರಳಿನಿಂದ ಅದನ್ನು ಚೂರುಚೂರೇ ಇಳಿಸಿದ. ಧಮ್, ಧುಮ್. ಧಮ್, ಧುಮ್. ಇಬ್ಬರು ಹೆಂಗಸರು ಎದುರಾಬದುರು ನಿಂತು ಕುಟ್ಟತೊಡಗಿದರು.

"ಒಂದು ಅವ್ವಂದು," ಅಂದೆ. ನನ್ನ ಸಂಶಯ ಹೋಗಿರಲಿಲ್ಲ. "ಇನ್ನೊಂದು ಯಾರದ್ಲೇ?"

"ನಿಂದು. ನೀ ಗಂಡನ ಮನಿಗಿ ಹೋದಾಗ ನನಗ ಏಳು ವರ್ಷ. ಅವ್ವ ಒಬ್ಬಾಕಿನೇ ಕುಟ್ಟತಿದ್ಲು. ನಡುವ ನಿನ್ನ ಪೆಟ್ಟು ಬರತದ ಅಂತ ನಾ ಕಾಯ್ತಿದ್ದೆ."

ಅರ್ಧ ಕಟ್ಟಿದ ಗಂಟು ಅಲ್ಲೇ ಬಿಟ್ಟು ಒಳಗೆ ಹೋದೆ.

ಮರುದಿನ ಬೆಳಗ್ಗೆ ಆಟೊದವನು ಬಂದು ಹಾರ್ನ್ ಹೊಡೆದ. ನಿನ್ನನ್ನು ಯಾರು ಕರೆದರು ಎಂದು ಬೈದು ಕಳಿಸಿದೆ. ಹಿತ್ತಲಿಗೆ ಹೋಗಿ, ಕೋಳಿಗಳಿಗೆಂದು ಒರಳಿನಲ್ಲಿ ತುಂಬಿಟ್ಟಿದ್ದ ನೀರು ಚೆಲ್ಲಿ, ಒರಳು ತೊಳೆದೆ.