ಅಪ್ಪನ ಲಾರಿಗೊಂದು ಪ್ರೊಸೆಸರು

ಕುಶಾಲನಗರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನಿಗೆ ಕಂಪ್ಯೂಟರ್ ವಿಷಯ ಏನೇನೂ ಗೊತ್ತಿಲ್ಲ ಎಂದು ಅವನ ಹೆಂಡತಿಯೇ ಹೇಳಿಕೊಂಡು ತಿರುಗಿದರೆ, ಆ ಬಡಪಾಯಿ ಯಾವ ಠಾಣೆಗೆ ಹೋಗಿ ದೂರು ಕೊಡಬೇಕು, ನೀವೇ ಹೇಳಿ. ಆಧಾರ್ ಕಾರ್ಡಿನ ಎರಡೂ ಮುಖವನ್ನು ಒಂದೇ ಹಾಳೆಗೆ ಇಳಿಸುವುದರಲ್ಲಿ ನಮ್ಮ ಪೇಟೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಪ್ರಿಂಟರ್ ಮುನಿಸಿಕೊಂಡಾಗ ಅದರ ಬೆನ್ನಿಗೆ ಎಲ್ಲಿ ತಟ್ಟಬೇಕೆಂಬುದು ನನಗೆ ಹುಟ್ಟಿನಿಂದಲೇ ಬಂದ ವಿದ್ಯೆ. (ಹೆಂಡತಿ ಮುನಿಸಿಕೊಂಡಾಗ ಏನು ಮಾಡಬೇಕೆಂಬುದು ಮಾತ್ರ ಇನ್ನೂ ಕೈಗೂಡಿಲ್ಲ.) ಆದರೂ ನನ್ನ ಧರ್ಮಪತ್ನಿ ಕಾವ್ಯಶ್ರೀ ಓಣಿಯಲ್ಲೆಲ್ಲ ನನ್ನ ಮಾನವನ್ನು ಸಾವಿರ ಪ್ರತಿ ತೆಗೆದು ಹಂಚಿದ್ದಾಳೆ. ಕಾರಣ, ನಾನು ಅಪ್ಪನಿಗೆ ತಂದ ಕಂಪ್ಯೂಟರು.

ಅಪ್ಪನ ವಿಷಯ ಹೇಳದೆ ಕಂಪ್ಯೂಟರಿನ ವಿಷಯ ಅರ್ಥವಾಗುವುದಿಲ್ಲ. ಅಪ್ಪನ ಹೆಸರು ಸಣ್ಣಸ್ವಾಮಿ. ಸಣ್ಣದೆಂಬುದು ಹೆಸರಿನಲ್ಲಿ ಮಾತ್ರ. ಕೊಡಗಿನ ಕಾಫಿ ಮೂಟೆ ಹೇರಿಕೊಂಡು ಸಂಪಾಜೆ ಘಾಟಿ ಇಳಿದು ಮಂಗಳೂರು ಮುಟ್ಟಿಸುವ ಲಾರಿಯನ್ನು ಪ್ರಾಯವೆಲ್ಲ ಓಡಿಸಿದವರು. ಹೋದ ವರ್ಷ ಮಂಡಿಗೆ ಆಪರೇಷನ್ ಆಯಿತು. "ಇನ್ನು ಲಾರಿ ಹತ್ತಂಗಿಲ್ಲ ಅಜ್ಜ" ಎಂದರು ಡಾಕ್ಟರು. ಲಾರಿ ಮಾರಿದೆವು.

ಆಮೇಲೆ ಅಪ್ಪ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ರಸ್ತೆಯ ವಾಹನಗಳ ನ್ಯಾಯಾಧೀಶರಾದರು. ಬಸ್ಸೊಂದು ಏರು ಹತ್ತಿದರೆ, "ಥೂ, ಕ್ಲಚ್ಚು ಸುಟ್ಟ ನನ್ಮಗ" ಎಂಬ ತೀರ್ಪು ಬರುತ್ತಿತ್ತು. ನಮಗೆ ಕಿರಿಕಿರಿಯಾಗುತ್ತಿತ್ತು, ನಿಜ. ಆದರೆ ಮಳೆಗಾಲ ಮುಗಿಯುವಷ್ಟರಲ್ಲಿ ಆ ತೀರ್ಪುಗಳೂ ನಿಂತವು. ಬಸ್ಸು ಗರಗರ ಗೇರು ಕೆರೆದುಕೊಂಡು ಹೋದರೂ ಅಪ್ಪ ತಲೆ ಎತ್ತಲಿಲ್ಲ. ಅರ್ಧ ರೊಟ್ಟಿಗೆ ಕೈ ತೊಳೆಯುತ್ತಿದ್ದರು. ಕಾಲಿಗೆ ಹೇಳಿಕೊಟ್ಟ ವ್ಯಾಯಾಮ ಮಾಡಿ ಎಂದರೆ, "ಯಾವ ಘಾಟಿ ಹತ್ತಕ್ಕೆ?" ಎಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಆ ಬೈಗುಳಕ್ಕಾಗಿ ನಾವು ಹಂಬಲಿಸುವ ಕಾಲ ಬಂತು.

ಒಂದು ಮಧ್ಯಾಹ್ನ ಕಾವ್ಯಶ್ರೀ ಅಂಗಡಿಗೆ ಫೋನ್ ಮಾಡಿ ಪಿಸುಗುಟ್ಟಿದಳು. ಅದೂ ಪಕ್ಕದ ಮನೆಯ ಫೋನಿನಿಂದ.

"ರೀ, ನನ್ನ ಫೋನು ಮಾವನ ಕೈಲಿದೆ. ಲಾರಿ ಗೇಮ್ ಆಡ್ತಾ ಇದಾರೆ! ಈಗ ತಾನೇ ಯಾರಿಗೋ 'ಹಾರನ್ ಹೊಡಿಲಾ' ಅಂತ ಬೈದ್ರು!"

ನಾನು ಅಂಗಡಿ ಬಾಗಿಲು ಎಳೆದು ಓಡಿ ಬಂದೆ. ನಿಜ. ಅಂಗೈಯಗಲದ ಪರದೆಯಲ್ಲಿ ಅಪ್ಪ ಕಣ್ಣು ಕಿರಿದು ಮಾಡಿಕೊಂಡು ಹದಿನಾರು ಚಕ್ರದ ಲಾರಿ ತಿರುಗಿಸುತ್ತಿದ್ದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಫೋನು ಕಾವಲಿಯಂತೆ ಕಾದಿತ್ತು. ಮುಖದಲ್ಲಿ ಮಾತ್ರ ಹಳೆಯ ಸಣ್ಣಸ್ವಾಮಿ ಇದ್ದರು.

ಆ ಕ್ಷಣವೇ ನನ್ನ ತಲೆಯಲ್ಲಿ ಮಹಾ ಸಂಕಲ್ಪವೊಂದು ಉದಯಿಸಿತು. ಅಪ್ಪನಿಗೆ ಗೇಮಿಂಗ್ ಕಂಪ್ಯೂಟರು! ಸ್ಟೇರಿಂಗು, ಕಾಲಿಗೆ ಪೆಡಲು, ಎಲ್ಲ ಸಮೇತ!

"ಚೀಟಿ ದುಡ್ಡು ಬಂದಿದೆಯಲ್ಲ, ಅಷ್ಟರಲ್ಲೇ ಮುಗಿಸ್ಬೇಕು" ಎಂದಳು ಕಾವ್ಯಶ್ರೀ. "ತಿಳಿದವರನ್ನ ಕೇಳಿ ತನ್ನಿ."

"ತಿಳಿದವರು ನಿನ್ನ ಮುಂದೆಯೇ ನಿಂತಿದ್ದಾರೆ."

ಅವಳು ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿದಳು.

ಅಂದಿನಿಂದ ನನ್ನ ಘೋರ ಅಧ್ಯಯನ ಶುರುವಾಯಿತು. ಕಂಪ್ಯೂಟರಿನ ಎಂಜಿನ್ ಎಂದರೆ ಪ್ರೊಸೆಸರು. ಅದನ್ನು ಅಗ್ಗದಲ್ಲಿ ಚೆನ್ನಾಗಿ ಆರಿಸಿದರೆ ಅರ್ಧ ಯುದ್ಧ ಗೆದ್ದಂತೆ ಎಂದು ವಿಡಿಯೋಗಳಲ್ಲಿ ಗಡ್ಡದ ಹುಡುಗರೆಲ್ಲ ಸಾರುತ್ತಿದ್ದರು. ನಾನು ಜೆರಾಕ್ಸಿಗೆ ಬಂದವರನ್ನು ಕಾಯಿಸಿ ನಿಲ್ಲಿಸಿಕೊಂಡೇ ಆ ವಿಡಿಯೋಗಳನ್ನು ನೋಡಿದೆ. (ಪಂಚಾಯ್ತಿ ಸದಸ್ಯರೊಬ್ಬರ ಜಾತಿ ಪ್ರಮಾಣಪತ್ರದ ಬದಲು ನನ್ನ ಅಂಗೈಯ ಪ್ರತಿ ತೆಗೆದುಕೊಟ್ಟದ್ದು ಆ ದಿನಗಳಲ್ಲೇ.) ಊಟಕ್ಕೆ ಕೂತಾಗಲೂ ಅದೇ ಮಾತು.

"ಆರು ಕೋರು, ಹನ್ನೆರಡು ಥ್ರೆಡ್ಡು ಇದ್ದರೆ ನಮಗೆ ಧಾರಾಳವಾಗಿ ಸಾಕು" ಎಂದೆ.

"ಕಂಪ್ಯೂಟರ್ ತರ್ತಿದೀರೋ, ಸೀರೆ ನೇಯಿಸ್ತಿದೀರೋ?" ಎಂದಳು.

ಕೊನೆಗೆ ಸುನಿಲನ ಕಂಪ್ಯೂಟರ್ ಅಂಗಡಿಗೆ ಸಾಲಂಕೃತನಾಗಿ ಹೋದೆ. ಸುನಿಲ್ ಬಾಯಿ ತುಂಬ ಮಾತಿನ ಮನುಷ್ಯ. ಗಾಜಿನ ಕಪಾಟಿನಿಂದ ಎರಡು ಡಬ್ಬಿ ತೆಗೆದಿಟ್ಟ. ಎರಡೂ ಒಂದೇ ತರಹ, ಒಂದೇ ನಂಬರು. ಒಂದರ ನಂಬರಿನ ಕೊನೆಗೆ ಮಾತ್ರ ಎಫ್ ಎಂಬ ಅಕ್ಷರ, ಮತ್ತು ಅದಕ್ಕೇ ಬೆಲೆ ಕಡಿಮೆ!

ಅಕ್ಷರ ಹೆಚ್ಚು, ಬೆಲೆ ಕಡಿಮೆ. ಯಾವ ಮೂರ್ಖ ಇದನ್ನು ಬಿಡುತ್ತಾನೆ? ಎಫ್ ಎಂದರೆ ಫಾಸ್ಟ್ ಇರಬೇಕು, ಅಥವಾ ಫಸ್ಟ್ ಕ್ಲಾಸ್. ಕೇಳಿದರೆ ನನ್ನ ಪಾಂಡಿತ್ಯದ ಮರ್ಯಾದೆ ಏನಾದೀತು?

"ಎಫ್ ಕೊಡಿ" ಎಂದೆ, ಗಂಭೀರವಾಗಿ.

"ಒಳ್ಳೇದೇ ಅಣ್ಣ. ಆದ್ರೆ ಅದ್ರಲ್ಲಿ ಡಿಸ್‌ಪ್ಲೇ ಬರಲ್ಲ, ಗೊತ್ತಲ್ಲ?"

ಟಿವಿಯಂಥ ಪರದೆಯನ್ನು ಇದರ ಜೊತೆ ಕೊಡುವುದಿಲ್ಲ ಎನ್ನುತ್ತಿದ್ದಾನೆ, ನನಗೆ ಅಷ್ಟೂ ತಿಳಿಯದೇ? ನಮ್ಮ ಅಂಗಡಿಯಲ್ಲಿ ಹಳೆಯ ಪರದೆಯೊಂದು ಬಿದ್ದಿತ್ತು.

"ಗೊತ್ತು ಸುನಿಲ್. ಹಳೇದೊಂದು ನಮ್ಮತ್ರ ಇದೆ. ಅದನ್ನೇ ಹಾಕ್ತೀನಿ."

"ಓ, ಕಾರ್ಡ್ ಮನೇಲೇ ಇದ್ಯಾ? ಹಾಗಾದ್ರೆ ಮತ್ತೆಂತ ಯೋಚನೆ!"

ಕಾರ್ಡೇ? ಆಧಾರ್, ರೇಷನ್, ವೋಟರ್, ಎಲ್ಲ ಇವೆ. "ಎಲ್ಲಾ ಕಾರ್ಡೂ ಇದೆ" ಎಂದೆ. ಸುನಿಲ್ ಮೆಚ್ಚುಗೆಯಿಂದ ನೋಡಿದ. ಉಳಿದ ಭಾಗ, ಸ್ಟೇರಿಂಗು, ಪೆಡಲು ಎಲ್ಲ ಕೊಂಡಾದ ಮೇಲೆ ಮಿಕ್ಕ ಹಣದಲ್ಲಿ ಸ್ಟೇರಿಂಗಿಗೆ ಒಂದು ಮಖಮಲ್ಲಿನ ಕವಚವನ್ನೂ ಕೊಂಡೆ.

ಉದ್ಘಾಟನೆಯನ್ನು ಭಾನುವಾರ ಇಟ್ಟುಕೊಂಡೆವು. ಮುಖ್ಯ ಅತಿಥಿ ಬೆಳ್ಳಿಯಪ್ಪನವರು. ಅವರ ಎಸ್ಟೇಟಿನ ಕಾಫಿಯನ್ನು ಅಪ್ಪ ವರ್ಷಗಟ್ಟಲೆ ಸಾಗಿಸಿದ್ದರು. ಅವರು ತಮ್ಮ ಜೀಪಿನಲ್ಲಿ ಬಂದಿಳಿದರು. ಕಾವ್ಯಶ್ರೀ ಸ್ಟೇರಿಂಗಿಗೆ ಕುಂಕುಮ ಹಚ್ಚಿ, ಹೂ ಮುಡಿಸಿ, ಪೆಡಲಿನ ಕೆಳಗೆ ನಿಂಬೆಹಣ್ಣನ್ನೂ ಇಟ್ಟಳು. ಅಪ್ಪ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು ಬಂದು ಕುರ್ಚಿಯಲ್ಲಿ ಕೂತರು. ನಾನು ಕಂಪ್ಯೂಟರಿನ ಇತಿಹಾಸದ ಬಗ್ಗೆ ನಾಲ್ಕು ಮಾತಾಡಿ, ಗುಂಡಿ ಒತ್ತಿದೆ.

ಡಬ್ಬದೊಳಗೆ ಕೆಂಪು, ಹಸಿರು, ನೀಲಿ ದೀಪಗಳು ಝಗ್ಗೆಂದವು. ಫ್ಯಾನು ಗುಂಯ್ ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಪರದೆ ಕಪ್ಪಗಿತ್ತು.

ತಲಕಾವೇರಿಯಲ್ಲಿ ತೀರ್ಥ ಉಕ್ಕುವ ಘಳಿಗೆಗೆ ಕುಂಡಿಕೆಯನ್ನೇ ನೋಡುತ್ತ ನಿಲ್ಲುವ ಭಕ್ತರಂತೆ ನಾವೆಲ್ಲ ಅದನ್ನೇ ನೋಡುತ್ತ ನಿಂತೆವು. ಏನೂ ಉಕ್ಕಲಿಲ್ಲ. ನಾನು ಪ್ರಿಂಟರ್ ವಿದ್ಯೆಯನ್ನು ಪ್ರಯೋಗಿಸಿ ಪರದೆಯ ಬೆನ್ನಿಗೆ ತಟ್ಟಿದೆ. ಆಮೇಲೆ ಗುದ್ದಿದೆ.

"ಎಂತ ಮಹೇಶ," ಬೆಳ್ಳಿಯಪ್ಪನವರು ಮೆಲ್ಲಗೆ ಕೇಳಿದರು, "ಇದು ರೇಡಿಯೋವಾ?"

ಕಾವ್ಯಶ್ರೀ ಅಷ್ಟರಲ್ಲಿ ಸುನಿಲನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು. (ಇಂಥ ವಿಷಯದಲ್ಲಿ ಅವಳಿಗೆ ತಂತ್ರಜ್ಞಾನ ಚೆನ್ನಾಗಿ ಗೊತ್ತು.)

"ಅಕ್ಕ, ಎಫ್ ಇದ್ರೆ ಆ ಪ್ರೊಸೆಸರಿಗೆ ಚಿತ್ರ ಬಿಡಿಸೋ ಶಕ್ತಿ ಇರಲ್ಲ. ಅದಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕು. ಡಿಸ್‌ಪ್ಲೇ ಬರಲ್ಲ ಅಂತ ನಾನು ಹೇಳಿದ್ದೆ. ಅಣ್ಣ, ಕಾರ್ಡ್ ಮನೇಲಿದೆ ಅಂದ್ರಲ್ಲ?"

"ಯಾವ ಕಾರ್ಡು ರೀ?" ಎಂದಳು ಕಾವ್ಯಶ್ರೀ, ನನ್ನತ್ತ ತಿರುಗಿ.

"ರೇಷನ್ ಕಾರ್ಡು" ಎಂದೆ.

ಕಾವ್ಯಶ್ರೀ ಬಾಯಿ ತೆರೆಯುವ ಮೊದಲೇ ವಿಚಿತ್ರವಾದ ಸದ್ದೊಂದು ಕೇಳಿಸಿತು. ತಣ್ಣಗಿದ್ದ ಡೀಸೆಲ್ ಎಂಜಿನ್ ಬೆಳಗಿನ ಚಳಿಯಲ್ಲಿ ಕೆಮ್ಮಿ ಕೆಮ್ಮಿ ಹೊತ್ತಿಕೊಂಡಂತೆ. ಅಪ್ಪ ನಗುತ್ತಿದ್ದರು. ಆಪರೇಷನ್ ಆದ ಮೇಲೆ ನಾವು ಆ ನಗು ಕೇಳಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಬೆಳ್ಳಿಯಪ್ಪನವರ ತೋಳು ಹಿಡಿದು ನಕ್ಕರು.

"ಎಂಜಿನ್ ಓಡ್ತಾ ಐತೆ, ಹೆಡ್‌ಲೈಟೇ ಇಲ್ಲ ಕಣ್ಲಾ! ಇಂಥ ಗಾಡೀನ ದುಡ್ಡು ಕೊಟ್ಟು ತಂದಿದ್ಯಲ್ಲೋ!" ಎಂದು, ಕೋಲು ಹಿಡಿದು ತಾವೇ ಎದ್ದು ನಿಂತರು. "ನಡಿ. ಅಂಗಡಿಗೆ ನಾನೇ ಬತ್ತೀನಿ."

ತಿಂಗಳುಗಟ್ಟಲೆ ಗೇಟು ದಾಟದೆ ಕೂತಿದ್ದ ಅಪ್ಪ ಬೆಳ್ಳಿಯಪ್ಪನವರ ಜೀಪು ಹತ್ತಿದರು. ಭಾನುವಾರವಾದರೂ ಸುನಿಲ್ ಪಾಪ ಅಂಗಡಿ ತೆಗೆದ. ಅಪ್ಪ ಸ್ಟೂಲಿನ ಮೇಲೆ ಕೂತು, ಎಫ್ ಇಲ್ಲದ ಡಬ್ಬಿಯನ್ನು ಮುಂದಿಟ್ಟುಕೊಂಡು, ಹೊಸ ಲಾರಿ ಕೊಳ್ಳುವವರ ಹಾಗೆ ವಿಚಾರಣೆಗಿಳಿದರು.

"ಇದು ಘಾಟೀಲಿ ಎಳೀತದಾ?"

"ಎಳೀತದೆ ಅಜ್ಜ. ಭಾರೀ ಗೇಮ್ ಆದ್ರೆ ಸ್ವಲ್ಪ ಏದುಸಿರು ಬಿಡ್ತದೆ. ನಿಮ್ಮ ಲಾರಿ ಗೇಮಿಗೆ ತೊಂದ್ರೆ ಇಲ್ಲ. ಚಿತ್ರ ಬಿಡಿಸೋದೂ ಇದ್ರೊಳಗೇ ಉಂಟು, ಬೇರೆ ಕಾರ್ಡ್ ಬೇಡ."

"ಬಿಸಿ ಆಯ್ತದಾ? ರೇಡಿಯೇಟರ್ ಯಾವ್ದು?"

ಸುನಿಲ್ ಫ್ಯಾನು ತೋರಿಸಿದ. ನನ್ನ ಘೋರ ಅಧ್ಯಯನವನ್ನು ಯಾರೂ ಕೇಳಲಿಲ್ಲ. ಅಪ್ಪನೇ ಆರಿಸಿದರು, ನನ್ನ ಎಫ್ಫನ್ನೂ ಮಖಮಲ್ಲಿನ ಕವಚವನ್ನೂ ಸುನಿಲ್ ವಾಪಸು ತೆಗೆದುಕೊಂಡ, ಲೆಕ್ಕ ಸರಿಹೋಯಿತು. ಅವತ್ತು ಸಂಜೆಯೇ ನಮ್ಮ ಪಡಸಾಲೆಯಲ್ಲಿ ಲಾರಿ ಹೊರಟಿತು. ಅಪ್ಪ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ತಟ್ಟೆ ಚಾಚಿದಾಗ ಕಾವ್ಯಶ್ರೀ ಸೆರಗಿನಿಂದ ಮೂಗೊರೆಸಿಕೊಂಡಳು.

ಈಗ ನಮ್ಮ ಮನೆಯ ಚಿತ್ರವೇ ಬೇರೆ. ವ್ಯಾಯಾಮ ಬೇಡವೆಂದ ಕಾಲು ದಿನವೂ ಕ್ಲಚ್ಚು ಒತ್ತುತ್ತದೆ; ಮಂಡಿ ಸಡಿಲವಾಗಿದೆ ಎಂದು ಡಾಕ್ಟರಿಗೇ ಆಶ್ಚರ್ಯ. ಕಾವ್ಯಶ್ರೀ ಎರಡನೇ ಡ್ರೈವರು. ಮಾವ ಕಾಫಿ ಕುಡಿಯುವಾಗ ಗಾಡಿ ಅವಳ ಕೈಯಲ್ಲಿ. ನಾನೂ ಒಮ್ಮೆ ಕೂತೆ. ಎರಡನೇ ತಿರುವಿಗೇ ಲಾರಿಯನ್ನು ಕೆರೆಯೊಂದಕ್ಕೆ ಇಳಿಸಿದೆ.

"ಕೆಳಗಿಳಿ" ಎಂದರು ಅಪ್ಪ. "ನೀನು ಕ್ಲೀನರು. ಹಿಂದೆ ನಿಂತು ರೈಟ್ ಹೇಳು, ಅಷ್ಟೇ."

ಮೊನ್ನೆ ಅಪ್ಪ ಇಕ್ಕಟ್ಟಿನ ಗೋಡೌನಿಗೆ ಲಾರಿಯನ್ನು ಹಿಂದಕ್ಕೆ ಹಾಕುತ್ತಿದ್ದರು. ನಾನು ಕರ್ತವ್ಯದಲ್ಲಿದ್ದೆ. ಪರದೆಯಲ್ಲಿ ಜಾಗ ಬೇಕಾದಷ್ಟಿತ್ತು. ಎದೆಯುಬ್ಬಿಸಿ, ತೆರೆದ ಕಿಟಕಿಗಳು ಅದುರುವಂತೆ, "ಬರ್ಲಿ, ಬರ್ಲಿ, ರೈಟ್, ರೈಟ್, ಬರ್ಲೀ!" ಎಂದು ಕೂಗಿದೆ.

ಪರದೆಯ ಲಾರಿ ಬೆಣ್ಣೆಯಂತೆ ಒಳಸೇರಿತು. ಅದೇ ಕ್ಷಣ ಅಂಗಳದಿಂದ ಫಡಾರ್ ಎಂಬ ಸದ್ದು. ಅಪ್ಪನನ್ನು ನೋಡಿ ಹೊರಟಿದ್ದ ಬೆಳ್ಳಿಯಪ್ಪನವರು ಜೀಪನ್ನು ಹಿಂದಕ್ಕೆ ತೆಗೆಯುತ್ತಿದ್ದವರು, ನನ್ನ ಮಾತನ್ನು ನಂಬಿ, ಬಂದೇ ಬಿಟ್ಟಿದ್ದರು. ಜೀಪಿನ ಕೆಳಗೆ ಕನ್ನಡಿ ಮುರಿದುಕೊಂಡು ಮಲಗಿದ್ದದ್ದು ನನ್ನ ಸ್ಕೂಟರು.

"ನೀನೇ ರೈಟ್ ಅಂದದ್ದಲ್ಲ ಮಾರಾಯ!" ಎಂದರು ಬೆಳ್ಳಿಯಪ್ಪ ಕಿಟಕಿಯಲ್ಲಿ ಇಣುಕಿ.

ಅಪ್ಪ ಪರದೆಯಿಂದ ಕಣ್ಣು ಕೀಳದೆ ಗೇರು ಬದಲಾಯಿಸಿದರು.

"ಬೈಬ್ಯಾಡಿ ಸಾಹುಕಾರ್ರೇ, ಹೊಸ ಕ್ಲೀನರು. ಕಲೀತಾನೆ."