ಗುಣಿಯಾ ಹಿಡಿದು ಮಡಚಿದ ಬೆಳಕು

ಮನೆಯಲ್ಲಿ ಏನಾದರೂ ಸೊಟ್ಟಗೆ ಜೋತಾಡುತ್ತಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ನಾನು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಕಡಿಯುವವನ ಹೆಂಡತಿ. ಕಲ್ಲಿನ ಮೂಲೆ ಒಂದು ಕೂದಲಷ್ಟು ತಪ್ಪಿದರೂ ನನ್ನ ಗಂಡನಿಗೆ ಊಟ ಸೇರುತ್ತಿರಲಿಲ್ಲ. ಅವನು ಸತ್ತ, ಮೂಲೆ ನೆಟ್ಟಗಿದೆಯೇ ಎಂದು ನೋಡುವ ಅವನ ಕಬ್ಬಿಣದ ಗುಣಿಯಾ ಉಳಿಯಿತು. ನನಗೆ ಓದು ಹತ್ತಲಿಲ್ಲ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ಮೂಲೆ ಮಾತ್ರ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ.

ಹೊಸ ಇಂಟರ್ನೆಟ್ ವೈರನ್ನು ಗೋಡೆಗುಂಟ ಹಾವಿನ ಸುರುಳಿಯಂತೆ ಬಿಟ್ಟುಹೋಗಿದ್ದರು. ನೋಡಿ ನೋಡಿ ಸಾಕಾಯಿತು. ಗುಣಿಯಾ ಹಿಡಿದು ಮೂಲೆಗೆ ಸರಿಯಾಗಿ ಮಡಚಿ, ಮೇಲೊಂದು ಪರಸಿ ತುಂಡು ಹೇರಿದೆ. ಎಷ್ಟು ಚೆಂದ ಕಂಡಿತು! ಇಂಟರ್ನೆಟ್ ಸತ್ತಿತು. ನನ್ನ ಮಡಿಕೆಯೇ ಕಾರಣವೆಂದು ಹೊಳೆಯಲೇ ಇಲ್ಲ.

ಆ ಮಧ್ಯಾಹ್ನ ಸೊಸೆ ನಾಗಮ್ಮನ ಮೊದಲ ಕ್ಲಾಸು. ಸೇಡಂ, ವಾಡಿ, ಚಿಂಚೋಳಿಯ ಹೆಂಗಸರಿಗೆ ಫೋನಿನಲ್ಲೇ ರವಿಕೆ ಹೊಲಿಯಲು ಕಲಿಸಬೇಕು. "ಮೊದಲ ದಿನಾನೇ ಮಾರಿ ತೋರಿಸ್ಲಿಲ್ಲಂದ್ರ ಯಾರು ಉಳೀತಾರ್ರೀ ಅತ್ತಿ?" ಎಂದು ಅಳುವ ಹಾಗಾದಳು.

ರಿಪೇರಿಯ ಶರಣಪ್ಪ ಬಂದು ವೈರಿನ ತುದಿಗೆ ಪೆನ್ನಿನಂಥ ಕೆಂಪು ಬೆಳಕಿನ ಟಾರ್ಚು ಸಿಕ್ಕಿಸಿ, ಗೋಡೆಗುಂಟ ನೋಡುತ್ತ ಹೋಗಿ, ನನ್ನ ಪರಸಿ ಎತ್ತಿದ. ನಾನು ಮಡಚಿದ ಜಾಗ, ಅದೊಂದೇ ಜಾಗ, ಕೆಂಡದಂತೆ ಕೆಂಪಗೆ ಹೊಳೆಯುತ್ತಿತ್ತು!

"ಮಾಯಿ, ಇದರೊಳಗ ಕೂದಲಿನಂಥ ಗಾಜಿನ ಎಳಿ ಅದ. ಬೆಳಕು ಅದರ ಅಂಚಿಗೆ ಬಡದು ಬಡದು ಒಳಗೇ ವಾಪಸ್ ಬರ್ತದ, ಹಂಗೇ ಮುಂದ ಓಡ್ತದ. ದುಂಡಗ ಬಗ್ಗಿಸಿದ್ರ ತಾನೂ ಬಳಸಿ ಹೋಗ್ತದ. ಹಿಂಗ ಮೂಲಿ ಮುರದ್ರ ಹೊರಗ ಸೋರ್ತದ."

ಬೆಳಕು ಸೋರುತ್ತದೆ! ಮಾಳಿಗೆ ಸೋರಿದ್ದು ಕಂಡಿದ್ದೆ, ಕೊಡ ಸೋರಿದ್ದು ಕಂಡಿದ್ದೆ. ಬೆಳಕೆಂದರೆ ನನ್ನ ಹಾಗೆ, ಮೂಗಿನ ನೇರಕ್ಕೇ ಹೋಗುವುದು ಎಂದುಕೊಂಡಿದ್ದೆ. ಶರಣಪ್ಪ ವೈರನ್ನು ದೊಡ್ಡ ಬಳೆಯಂತೆ ಸುತ್ತಿದ. ಕೆಂಪು ಮಾಯ! ಅಷ್ಟೂ ಬೆಳಕು ಸುತ್ತಿ ಬಳಸಿ ಆಚೆ ತುದಿಯಲ್ಲಿ ಚುಕ್ಕೆಯಾಗಿ ಬಂತು. ನಾನು ಮತ್ತೆ ಮಡಚಿದೆ, ಸೋರಿತು. ಬಿಟ್ಟೆ, ನಿಂತಿತು. ಮತ್ತೆ ಮಡಚಿದೆ.

"ಗಾಜು ಮುರೀತದ ಮಾಯಿ, ಬಿಡ್ರಿ!"

"ಅತ್ತಿ, ನನ್ನ ಕ್ಲಾಸು! ಕೈ ತೆಗೀರಿ ಮೊದಲ!"

ಕ್ಲಾಸು ಹೊತ್ತಿಗೆ ಸರಿಯಾಗಿ ನಡೆಯಿತು, ಒಬ್ಬಳೂ ಬಿಟ್ಟುಹೋಗಲಿಲ್ಲ. ಮುಗಿಯುವುದನ್ನೇ ಕಾದಿದ್ದು ನಾನೇ ಫೋನಿನ ಮುಂದೆ ಕುಳಿತೆ. ಬೆಳಕು ಬಳಸಿ ಹೋಗುವ ಸುದ್ದಿಯನ್ನು ಕೈ ತಿರುಗಿಸಿ ತಿರುಗಿಸಿ ಹೇಳಿದೆ. ಚಿಂಚೋಳಿಯವಳೊಬ್ಬಳು ಕೇಳಿದಳು:

"ಮತ್ತ ವೈರು ಮಡಚಿದವರು ಯಾರು ಮಾಯಿ?"

"ಇಲಿ," ಎಂದೆ.

ಸೊಸೆ ಹಿಂದಿನಿಂದ, ಕತ್ತರಿ ನಿಲ್ಲಿಸದೆ, "ಹೂಂನ್ರೀ. ಹಲ್ಲಿಲ್ಲದ ಇಲಿ," ಎಂದಳು.

ಫೋನಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬೊಚ್ಚು ಬಾಯಿ ಮುಚ್ಚಿಕೊಂಡೆ.