ಥಿಯೋಫಿಲಸ್ ಹ್ಯಾರಿಗನ್ ಅವರ ವಿಶ್ರಾಂತಿ

ಆ ಕಾಗದ ಪೂರಾ ಒಂದು ತಿಂಗಳು ಅಂಚೆ ಕಚೇರಿಯಲ್ಲಿ ಬಿದ್ದಿತ್ತು. ಥಿಯೋಫಿಲಸ್ ಆಗಸ್ಟಸ್ ಹ್ಯಾರಿಗನ್ ಎಂಬ ಮನುಷ್ಯ ಯಾರೆಂದು ಇಡೀ ಆಂಗ್ವಿಲಾ ದ್ವೀಪದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಅಂಚೆಯ ಮಿಸ್ ವರ್ನಾ ಚರ್ಚಿನ ಹಳೇ ನಾಮಕರಣದ ಪುಸ್ತಕ ತೆಗೆಸಿ ನೋಡಿ, "ಅಯ್ಯೋ ದೇವರೇ, ಇದು ನಮ್ಮ ಜಾನಿಕೇಕ್!" ಎಂದು ಹಣೆ ಚಚ್ಚಿಕೊಂಡಳು.

ಜಾನಿಕೇಕ್ ಎಂದರೆ ನಾವು ಕರಿಯುವ ಮೈದಾ ರೊಟ್ಟಿ. ಏಳು ವರ್ಷದ ಹುಡುಗನಾಗಿದ್ದಾಗ ಚರ್ಚಿನ ವನಭೋಜನದಲ್ಲಿ ಅಂಥವು ಹನ್ನೊಂದು ತಿಂದ ತಪ್ಪಿಗೆ ಆ ಹೆಸರು ಅವನಿಗೆ ಅಂಟಿಕೊಂಡಿತು. ಈಗ ಅವನಿಗೆ ಐವತ್ತೊಂಬತ್ತು. ನಮ್ಮಲ್ಲಿ ಇಟ್ಟ ಹೆಸರು ಪೆಟ್ಟಿಗೆಯ ತಳದಲ್ಲಿಟ್ಟ ಕರಿ ಕೋಟಿನ ಹಾಗೆ, ಹೊರಗೆ ಬರುವುದು ಸತ್ತ ದಿನವೇ. ಮಧ್ಯಾಹ್ನ ಹನ್ನೆರಡಕ್ಕೆ ರೇಡಿಯೋದಲ್ಲಿ ಆರ್ಗನ್ ನುಡಿಸುತ್ತ ತೀರಿಕೊಂಡವರ ಪೂರ್ತಿ ಹೆಸರು ಓದುತ್ತಾರೆ. ಆಮೇಲೆ "ಎಲ್ಲರಿಗೂ ಇಂಥವರೆಂದೇ ಪರಿಚಿತರು" ಎನ್ನುತ್ತಾರೆ. ಹೋದದ್ದು ಯಾರೆಂದು ಊರಿಗೆ ತಿಳಿಯುವುದು ಆಗ.

ಕಾಗದ ಹೋಟೆಲು ಮಾಲೀಕರ ಸಂಘದ್ದು. ಮೂವತ್ತು ವರ್ಷ ಪ್ರವಾಸಿಗರನ್ನು ವ್ಯಾನಿನಲ್ಲಿ ಹೊತ್ತು ತಿರುಗಿದ್ದಕ್ಕೆ ಬಹುಮಾನವಾಗಿ, ದ್ವೀಪದ ಯಾವ ಹೋಟೆಲಿನಲ್ಲಾದರೂ ಗಂಡ ಹೆಂಡತಿ ಒಂದು ರಾತ್ರಿ ತಂಗಬಹುದು. ಎಲ್ಲಿ ಎಂದು ಆರಿಸಿ ಬೆಳಿಗ್ಗೆ ಹತ್ತರೊಳಗೆ ಫೋನು ಮಾಡಬೇಕು. ಅವಧಿ ಮುಗಿಯುವುದು ಕಾಗದ ಕೈಗೆ ಸಿಕ್ಕ ಅದೇ ದಿನ, ಏಕೆಂದರೆ ಮಾರನೆಯ ದಿನದಿಂದ ಬಿರುಗಾಳಿಯ ತಿಂಗಳುಗಳಿಗಾಗಿ ಹೋಟೆಲುಗಳೆಲ್ಲ ಬಾಗಿಲು ಹಾಕುತ್ತವೆ.

ಜಾನಿಕೇಕನ ಹೆಂಡತಿ ಯೂಲಾಲಿ. ಅವನು ಕರೆಯುವುದು ಲಾಲಿ. ಮೂವತ್ತೊಂದು ವರ್ಷ ಹೋಟೆಲುಗಳಲ್ಲಿ ಹಾಸಿಗೆ ಹಾಸಿ ಮಂಡಿ ಸವೆಸಿಕೊಂಡು ಹೋದ ತಿಂಗಳಷ್ಟೇ ಕೆಲಸ ಬಿಟ್ಟಿದ್ದಳು. ಕಾಗದವನ್ನು ಎರಡು ಸಲ ಓದಿಸಿಕೊಂಡಳು.

"ಏನು ಬೇಕು ಹೇಳೇ ಲಾಲಿ. ಈಜುಕೊಳ ಇರೋದಾ? ಸಮುದ್ರ ಕಾಣೋದಾ?"

"ಸಮುದ್ರ ಯಾರಿಗೆ ಬೇಕೋ, ಅಡುಗೆಮನೆ ಕಿಟಕಿಯಿಂದ ಕಾಣುತ್ತೆ. ಜೀವಮಾನವೆಲ್ಲಾ ಕಂಡೋರ ಹಾಸಿಗೆ ಹಾಸಿದ್ದಾಯ್ತು. ಬೇರೆ ಯಾರೋ ಹಾಸಿದ ಹಾಸಿಗೆ ಮೇಲೆ ಒಂದು ರಾತ್ರಿ ಮಲಗಬೇಕು. ಅಷ್ಟೇ ಆಸೆ. ಆದ್ರೆ ಹಾಸಿದ ಕೈ ಯಾರದು ಅಂತ ನಂಗೆ ಗೊತ್ತಾಗಬಾರದು. ಗೊತ್ತಾದ್ರೆ ಎದ್ದು ಮೂಲೆ ಸರಿ ಮಾಡೋಕೆ ಹೋಗ್ತೀನಿ."

ಮದುವೆಯಾಗಿ ಮೂವತ್ನಾಲ್ಕು ವರ್ಷದಲ್ಲಿ ತಾನು ಒಂದು ದಿನವೂ ಹಾಸಿಗೆ ಹಾಸಿದವನಲ್ಲ ಎಂಬುದು ಜಾನಿಕೇಕನಿಗೆ ಆವತ್ತೇ ಹೊಳೆದದ್ದು. ಈ ಒಂದು ರಾತ್ರಿಯನ್ನಾದರೂ ಅವಳಿಗೆ ಕೊಡಲೇಬೇಕು ಎಂದುಕೊಂಡ.

ಆದರೆ ಮಿಸ್ ವರ್ನಾ ಆಗಲೇ ದಾರಿಯುದ್ದಕ್ಕೂ ಸುದ್ದಿ ಬಿತ್ತಿಕೊಂಡು ಹೋಗಿದ್ದಳು. ಎಂಟು ಗಂಟೆಗೆ ಜಾನಿಕೇಕನ ಅಕ್ಕ ಓರ್ಮಾ ಬಂದು, ಅಂಗಳದಲ್ಲಿ ನಿಂತಿದ್ದ ವ್ಯಾನಿನ ಮುಂದಿನ ಸೀಟಿನಲ್ಲೇ ಕುಳಿತುಬಿಟ್ಟಳು. ಅವಳು ಸೀ ಗ್ರೇಪ್ ಹೋಟೆಲಿನ ಅಡುಗೆಯವಳು.

"ಲೋ ಜಾನಿಕೇಕ್, ಸೀ ಗ್ರೇಪಿಗೆ ಫೋನು ಮಾಡು. ಅಕ್ಕನ ಕೈಯಡುಗೆ ಬಿಟ್ಟು ಬೇರೆ ಕಡೆ ಉಂಡ ಅಂತ ಊರಲ್ಲಿ ನನ್ನ ಮೂಗು ಕೊಯ್ಯಬೇಡ."

ಅಷ್ಟರಲ್ಲಿ ಪಕ್ಕದ ಮನೆಯ ಕ್ಲೀವಿಸ್ ಬಂದು ಹಿಂದಿನ ಸೀಟು ಹತ್ತಿದ. ಅವನು ಬ್ಲೂ ಶೆಲ್ ಹೋಟೆಲಿನ ಗೇಟು ಕಾಯುವವನು.

"ಅಲ್ಲಿಗ್ಯಾಕಪ್ಪಾ ಹೋಗ್ತೀಯಾ? ಅಲ್ಲಿ ಸಾರಿಗೆ ಉಪ್ಪೇ ಇರಲ್ಲ. ನಮ್ಮಲ್ಲಿಗೆ ಬಾ. ಗೇಟಲ್ಲಿ ನಿಂಗೆ ಸೆಲ್ಯೂಟ್ ಹೊಡೀತೀನಿ."

"ಉಪ್ಪಿಲ್ಲವಾ? ನಿನ್ನ ಗೇಟಲ್ಲಿ ಹೋದ ವರ್ಷ ಆಡು ನುಗ್ಗಿ ಮದುವೆ ಕೇಕು ತಿಂತಲ್ಲ, ಆಗೆಲ್ಲಿದ್ದೆ? ಅದಕ್ಕೂ ಸೆಲ್ಯೂಟ್ ಹೊಡೀತಿದ್ದೆಯಾ?"

ಹೀಗೆ ಮುಕ್ಕಾಲು ಗಂಟೆ. ಜಾನಿಕೇಕ್ ಅಕ್ಕನ ಕಡೆ ತಿರುಗಿದರೆ ಕ್ಲೀವಿಸ್ ಮುನಿಸಿಕೊಂಡ, ಕ್ಲೀವಿಸ್ ಕಡೆ ತಿರುಗಿದರೆ ಅಕ್ಕ ಸೆರಗಿಲ್ಲದ್ದರಿಂದ ಕಣ್ಣಿಗೆ ಟೋಪಿ ಒತ್ತಿಕೊಂಡಳು. ಕೊನೆಗೆ ಅವನು ಮೆಲ್ಲಗೆ, "ಲಾಲೀನ ಒಂದ್ ಮಾತು ಕೇಳ್ತೀನಿ ಅಕ್ಕಾ," ಎಂದದ್ದೇ ತಪ್ಪಾಯಿತು.

"ಹೆಂಡ್ತೀನೇ ಕೇಳು! ಒಡಹುಟ್ಟಿದವಳು ಯಾಕೆ ಬೇಕು? ಎಲ್ಲಾದ್ರೂ ಹೋಗಿ ಸಾಯಿ!" ಎಂದು ಓರ್ಮಾ ವ್ಯಾನಿನ ಬಾಗಿಲನ್ನು ಧಡಾರನೆ ಬಡಿದು ಹೋದಳು.

ಲಾಲಿ ಒಳಗೆ ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದಳು. ಸೀ ಗ್ರೇಪಿನ ಹುಡುಗಿಯರಿಗೆ ಕೆಲಸ ಕಲಿಸಿದವಳು ಅವಳೇ. ಬ್ಲೂ ಶೆಲ್ಲಿನವರಿಗೂ ಅವಳೇ. ದ್ವೀಪದ ಹಾಸಿಗೆಗಳೆಲ್ಲ ಒಂದಲ್ಲ ಒಂದು ರೀತಿ ಅವಳ ಕೈಯವೇ. ಉಳಿದದ್ದು ಒಂದೇ, ಹೊಸದಾಗಿ ಕಟ್ಟಿದ ವೈಟ್ ಹೆರಾನ್. ಅಲ್ಲಿ ಗೇಟಿನವನಿಂದ ಹಿಡಿದು ಹಾಸಿಗೆ ಹಾಸುವವರವರೆಗೆ ಎಲ್ಲರೂ ಹೊರಗಿನವರು.

ಹತ್ತಕ್ಕೆ ಐದು ನಿಮಿಷ ಇರುವಾಗ ಜಾನಿಕೇಕ್ ಫೋನು ಮಾಡಿ, ಗುಟ್ಟು ಹೇಳುವ ದನಿಯಲ್ಲಿ, "ವೈಟ್ ಹೆರಾನ್," ಎಂದ. ಸಂಘದವರು ಅಭಿನಂದಿಸಿ, ಹೆಸರನ್ನು ರೇಡಿಯೋಗೂ ಕೊಡುತ್ತೇವೆ ಎಂದದ್ದು ಗಾಬರಿಯಲ್ಲಿ ಅವನ ಕಿವಿಗೆ ಬೀಳಲಿಲ್ಲ. ಅಕ್ಕನ ಕಣ್ಣಿಗೂ ಕ್ಲೀವಿಸನ ಕಣ್ಣಿಗೂ ಬೀಳಬಾರದೆಂದು ಗಂಡ ಹೆಂಡತಿ ಮನೆಗೆ ಬೀಗ ಹಾಕಿ, ವ್ಯಾನಿನಲ್ಲಿ ಹಿಂದಿನ ದಾರಿಯಿಂದ ಹೋಗಿ, ಯಾರೂ ಸುಳಿಯದ ಒಂದು ಕಡಲದಂಡೆಯಲ್ಲಿ ರೂಮು ಕೊಡುವ ಮೂರು ಗಂಟೆಯವರೆಗೆ ಅಡಗಿ ಕುಳಿತರು. ಲಾಲಿ ಚರ್ಚಿಗೆ ಉಡುವ ಕಡುನೀಲಿ ಬಟ್ಟೆ ಉಟ್ಟಿದ್ದಳು. ಅವಳ ಹತ್ತಿರ ಇದ್ದ ಒಳ್ಳೆಯ ಬಟ್ಟೆ ಅದೊಂದೇ.

ಹನ್ನೆರಡಕ್ಕೆ ರೇಡಿಯೋದಲ್ಲಿ ಮರಣವಾರ್ತೆ ಮುಗಿಯಿತು. ಆರ್ಗನ್ ಇನ್ನೂ ನಿಂತಿರಲಿಲ್ಲ. ಓದುವವನು ಅದೇ ಉಸಿರಿನಲ್ಲಿ, ಅದೇ ದನಿಯಲ್ಲಿ ಮುಂದಿನ ಚೀಟಿ ಎತ್ತಿಕೊಂಡ:

"ಐಲೆಂಡ್ ಹಾರ್ಬರ್ ಊರಿನ ಶ್ರೀ ಥಿಯೋಫಿಲಸ್ ಆಗಸ್ಟಸ್ ಹ್ಯಾರಿಗನ್, ಎಲ್ಲರಿಗೂ ಜಾನಿಕೇಕ್ ಎಂದೇ ಪರಿಚಿತರು, ಯೂಲಾಲಿಯವರ ಪ್ರೀತಿಯ ಪತಿ, ಮೂವತ್ತು ವರ್ಷಗಳ ನಿಷ್ಠೆಯ ಸೇವೆ ಮುಗಿಸಿ ಇಂದು ವಿಶ್ರಾಂತಿಗೆ ತೆರಳುತ್ತಿದ್ದಾರೆ. ಅವರು ತಂಗಲಿರುವ ಸ್ಥಳ, ವೈಟ್ ಹೆರಾನ್."

ಕೊನೆಯ ವಾಕ್ಯ ಊರಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಸೀ ಗ್ರೇಪಿನ ಅಡುಗೆಮನೆಯಲ್ಲಿ ಓರ್ಮಾ, "ಬೆಳಿಗ್ಗೆ ಸಾಯಿ ಅಂದೆನಲ್ಲಾ! ನನ್ನ ಬಾಯಿಗೆ ಮಣ್ಣು ಹಾಕಾ!" ಎಂದು ಸೌಟು ಬಿಸಾಕಿ ಕುಸಿದಳು. ಬ್ಲೂ ಶೆಲ್ಲಿನ ಗೇಟು ಹಾಕದೆಯೇ ಕ್ಲೀವಿಸ್ ಓಡಿದ. ಬೀಗ ಹಾಕಿದ ಮನೆ ಕಂಡು, ಆಸ್ಪತ್ರೆಗೆ ಒಯ್ದಿರಬೇಕು ಎಂದು ಊರು ತೀರ್ಮಾನಿಸಿತು. ಒಂದು ಗಂಟೆಗೆ ಅಂಗಳದಲ್ಲಿ ಶಾಮಿಯಾನ ಎದ್ದಿತು. ಎರಡಕ್ಕೆ ಆಡಿನ ಮಾಂಸದ ಸಾರು ಕುದಿಯತೊಡಗಿತು.

ಮೂರಕ್ಕೆ ಜಾನಿಕೇಕ್ ವ್ಯಾನು ಹೊರಡಿಸಿದ. ದಾರಿಯಲ್ಲಿ ಕಂಡವರಿಗೆಲ್ಲ ಕಿಟಕಿಯಿಂದ ಕೈ ಬೀಸಿ, "ಗುಡ್ ಆಫ್ಟರ್‌ನೂನ್," ಎಂದ. ಒಬ್ಬರೂ ತಿರುಗಿ ಹೇಳಲಿಲ್ಲ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಗಂಡಸರು ಟೋಪಿ ತೆಗೆದು ನೆಲ ನೋಡಿದರು. ಮೂವತ್ತು ವರ್ಷದಿಂದ ಜನ ನೋಡುತ್ತಿದ್ದದ್ದು ವ್ಯಾನನ್ನೇ ಹೊರತು ಡ್ರೈವರನನ್ನಲ್ಲ. ಈಗಲೂ ಅವರಿಗೆ ಕಂಡದ್ದು ವ್ಯಾನು, ಅದರೊಳಗೆ ಸೂತಕದ ಕರಿ ಬಟ್ಟೆಯಂತೆ ತೋರುವ ಕಡುನೀಲಿ ಉಟ್ಟ ಲಾಲಿ. ಮುದುಕಿ ಮಿಸ್ ಐನಾ ಒಬ್ಬಳು ಮಾತ್ರ ಸ್ಟೀರಿಂಗ್ ಹಿಂದೆ ಇಣುಕಿ ನೋಡಿ, "ದೆವ್ವ! ಜಾನಿಕೇಕನ ದೆವ್ವ ಗಾಡಿ ಓಡಿಸ್ತಿದೆ!" ಎಂದು ಮೀನಿನ ಬುಟ್ಟಿ ಬಿಟ್ಟು ಓಟ ಕಿತ್ತಳು.

"ನೋಡಿದೆಯಾ ಲಾಲಿ? ವೈಟ್ ಹೆರಾನ್ ಆರಿಸಿದ್ದಕ್ಕೆ ಇಡೀ ಊರು ಮುನಿಸಿಕೊಂಡಿದೆ."

"ಮುನಿಸಿಕೊಳ್ಳಲಿ ಬಿಡು. ನಾಳೆ ಸಮಾಧಾನ ಮಾಡೋಣ. ಇವತ್ತು ಮಲಗಬೇಕು ನಾನು."

ವೈಟ್ ಹೆರಾನಿನ ಮೇಜಿನ ಹಿಂದೆ ಕುಳಿತಿದ್ದವಳು ಮಿಸ್ ಡೆಲ್ಸಿ, ಬಾರ್ಬೇಡೋಸಿನವಳು. ಅವಳ ಕಣ್ಣು ಒದ್ದೆಯಾಗಿತ್ತು.

"ಹ್ಯಾರಿಗನ್ ಅವರ ರೂಮಾ? ಅದನ್ನ ಅವರ ಮನೆಯವರಿಗೆ ಕೊಟ್ಟಾಯ್ತಲ್ಲ. ಮಣ್ಣಿಗೆ ಅಂತ ಪಾಪ ಪಕ್ಕದ ಸೇಂಟ್ ಮಾರ್ಟಿನ್ ದ್ವೀಪದಿಂದ ದೋಣೀಲಿ ಬಂದಿದ್ದಾರೆ. ಭಾವಮೈದ, ಅವರ ಹೆಂಡತಿ, ನಾಲ್ಕು ಮಕ್ಕಳು."

"ಯಾರ ಮಣ್ಣಿಗಮ್ಮಾ?"

"ಹ್ಯಾರಿಗನ್ ಅವರದೇ. ಮಧ್ಯಾಹ್ನ ರೇಡಿಯೋದಲ್ಲಿ ಬಂತಲ್ಲ."

ಜಾನಿಕೇಕ್ ತನ್ನ ಎದೆ ಮುಟ್ಟಿ ನೋಡಿಕೊಂಡ. "ಹ್ಯಾರಿಗನ್ ಅಂದ್ರೆ ನಾನೇ ಕಣಮ್ಮಾ. ತಗೋ, ನನ್ನ ಲೈಸೆನ್ಸು."

ಮಿಸ್ ಡೆಲ್ಸಿ ಫೋಟೋ ನೋಡದೆ ಹೆಸರಷ್ಟೇ ಓದಿ ಮುಖ ಗಂಟಿಕ್ಕಿದಳು. "ಇದು ತೀರಿಕೊಂಡವರ ಲೈಸೆನ್ಸು. ನಿಮ್ಮ ಕೈಗೆ ಹೇಗೆ ಬಂತು?"

ಆಗ ಮೆಟ್ಟಿಲಿಳಿದು ಬಂದ ಲಾಲಿಯ ತಮ್ಮ ಎಗ್ಬರ್ಟ್. ಹೋಟೆಲಿನ ಬಿಳಿ ನಿಲುವಂಗಿ ತೊಟ್ಟಿದ್ದ, ಕೈಯಲ್ಲಿ ಒಣಮೀನಿನ ವಡೆಯ ತಟ್ಟೆ. ಭಾವನನ್ನು ಕಂಡು ತಟ್ಟೆ ಬಿಟ್ಟ, ಚೀರಿದ, ಆಮೇಲೆ ತಬ್ಬಿಕೊಂಡು ಅತ್ತ. ಅಳು ನಿಜವಾದದ್ದೇ. ಆದರೆ ಅದು ನಿಲ್ಲುತ್ತಿದ್ದಂತೆ ಅವನ ಮುಖದಲ್ಲಿ ಬೇರೆ ಚಿಂತೆ ಮೂಡಿತು.

"ಭಾವ, ನೀನು ಬದುಕಿರೋದು ಸಂತೋಷವೇ. ಆದ್ರೆ ಈಗ ನಾವೆಲ್ಲಿಗೆ ಹೋಗೋದು?"

"ನೀನು ನನ್ನ ಮನೆಗೆ ಬರೋದು ಬಿಟ್ಟು ಇಲ್ಲಿಗ್ಯಾಕೋ ಬಂದೆ?" ಎಂದಳು ಲಾಲಿ.

ರೇಡಿಯೋದ ಕೊನೆಯ ವಾಕ್ಯ ಕೇಳಿಸಿಕೊಂಡವನು ಎರಡು ದ್ವೀಪಗಳಲ್ಲಿ ಎಗ್ಬರ್ಟ್ ಒಬ್ಬನೇ. "ತಂಗುವ ಸ್ಥಳ ವೈಟ್ ಹೆರಾನ್ ಅಂದ್ರಲ್ಲ ಅಕ್ಕಾ. ಭಾವ ಹೋದದ್ದು ಹೋದ, ರೂಮು ಯಾಕೆ ಹಾಳಾಗಬೇಕು ಅಂತ ಬಂದೆ," ಎಂದ.

ಬೇರೆ ರೂಮುಗಳಿಗೆಲ್ಲ ಬಿರುಗಾಳಿಗೆಂದು ಆಗಲೇ ಹಲಗೆ ಹೊಡೆದಾಗಿತ್ತು. ಸೇಂಟ್ ಮಾರ್ಟಿನ್‌ಗೆ ದೋಣಿ ಇನ್ನು ಬೆಳಿಗ್ಗೆಯೇ. ಸಾವಿಗೆ ಬಂದವರನ್ನು ಬೀದಿಗೆ ಕಳಿಸುವುದು ನಮ್ಮಲ್ಲಿ ಹುಟ್ಟಿದವರಿಂದ ಆಗದ ಕೆಲಸ, ಸತ್ತವನು ಎದುರಿಗೇ ನಿಂತಿದ್ದರೂ ಅಷ್ಟೇ. ಜಾನಿಕೇಕ್ ಹೆಂಡತಿಯ ಮುಖ ನೋಡಿದ. ಅವಳು ಅಳಲಿಲ್ಲ. ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಇರಲಿ ಬಿಡೋ. ಮಕ್ಕಳಿದ್ದಾರೆ," ಎಂದಳು.

ಮಿಸ್ ಡೆಲ್ಸಿ ಗಂಟಲು ಸರಿಮಾಡಿಕೊಂಡಳು. "ಅಕ್ಕಾ, ತಪ್ಪು ತಿಳೀಬೇಡಿ. ಮಕ್ಕಳು ಹಾಸಿಗೆ ಮೇಲೆ ಕುಣಿದು ಮರಳು ತುಂಬಿಸಿದ್ದಾರೆ. ನಮ್ಮ ಹುಡುಗೀರೆಲ್ಲ ಬೆಳಗಿನ ವಿಮಾನಕ್ಕೆ ಊರಿಗೆ ಹೋದ್ರು. ಹಾಸಿಗೆ ಹಾಕೋರು ಈ ದ್ವೀಪದಲ್ಲಿ ಯಾರಾದ್ರೂ ಗೊತ್ತಾ ನಿಮಗೆ?"

ಲಾಲಿ ಕೈಚೀಲವನ್ನು ಗಂಡನಿಗೆ ಕೊಟ್ಟು ಮೆಟ್ಟಿಲು ಹತ್ತಿದಳು. ಅವನು ಹಿಂದೆಯೇ ಓಡಿದ. ಅವಳು ಮಂಡಿಯೂರಿದಾಗ ಹಲ್ಲು ಕಚ್ಚಿದ್ದು ಅವನಿಗೆ ಕಾಣಿಸಿತು. ಚೀಲವನ್ನು ಕೆಳಗಿಟ್ಟು ಹೊದಿಕೆಯ ಇನ್ನೊಂದು ತುದಿ ಹಿಡಿದ.

"ಹಾಗಲ್ಲ ಕಣೋ. ಮೂಲೇನ ಮೊದಲು ಎತ್ತು, ಮಡಿಸು, ಆಮೇಲೆ ಕೆಳಗೆ ತುರುಕು. ರೊಟ್ಟಿ ಮಗುಚಿದ ಹಾಗೆ ಮಾಡಬೇಡ."

ಸಂಜೆ ಮನೆಗೆ ಬಂದಾಗ ಶಾಮಿಯಾನದ ತುಂಬ ಜನ, ಬಾಯಿ ತುಂಬ ಭಕ್ತಿಗೀತೆ. ಜಾನಿಕೇಕ್ ವ್ಯಾನಿನಿಂದ ಇಳಿದದ್ದೇ ಹಾಡು ನಿಂತಿತು. ಓರ್ಮಾ ಬಂದು ತಮ್ಮನ ಕೆನ್ನೆ, ಕೈ, ಹೊಟ್ಟೆ ಎಲ್ಲ ಮುಟ್ಟಿ ನೋಡಿ ಗೊಳೋ ಎಂದು ಅತ್ತಳು.

"ಬದುಕಿದ್ದೀಯಾ ನನ್ನಪ್ಪಾ! ದೇವರು ದೊಡ್ಡವನು! ಮತ್ತೆ ಎಲ್ಲಿಗೋ ಹೋಗಿದ್ದೆ?"

"ವೈಟ್ ಹೆರಾನಿಗೆ ಅಕ್ಕಾ."

ಓರ್ಮಾಳ ಕೈ ಅವನ ಕೆನ್ನೆಯಿಂದ ಕೆಳಗಿಳಿಯಿತು. "ಹೊರಗಿನವರ ಹೋಟೆಲಿಗಾ? ಅಕ್ಕನ ಕೈಯಡುಗೆ ಬಿಟ್ಟು? ನನ್ನ ಪಾಲಿಗೆ ನೀನು ಸತ್ತೆ ಹೋಗೋ!"

"ನನ್ನ ಪಾಲಿಗೂ," ಎಂದ ಕ್ಲೀವಿಸ್. "ಹೇಗೂ ಸಾರು ಬೆಂದಿದೆ. ಶುರು ಮಾಡಿದ ಪ್ರಾರ್ಥನೆ ಅರ್ಧಕ್ಕೆ ಬಿಡಬಾರದು. ಹಾಡ್ರಪ್ಪಾ."

ಹಾಡು ಮತ್ತೆ ಶುರುವಾಯಿತು. ಮನೆಯೊಳಗೆ ಹೋಗಿ ನೋಡಿದರೆ, ಅವರ ಹಾಸಿಗೆಯ ಮೇಲೆ ದುಃಖ ತಾಳಲಾರದೆ ಮಿಸ್ ಐನಾ ಮತ್ತಿಬ್ಬರು ಮುದುಕಿಯರು ಅಡ್ಡಡ್ಡ ಮಲಗಿ ಗೊರಕೆ ಹೊಡೆಯುತ್ತಿದ್ದರು.

ಜಾನಿಕೇಕ್ ವ್ಯಾನಿಗೆ ಹಿಂದಿರುಗಿದ. ಸಮುದ್ರದಿಂದ ಒದ್ದೆಯಾಗಿ ಬರುವ ಪ್ರವಾಸಿಗರಿಗೆಂದು ಇಟ್ಟಿದ್ದ ಒಗೆದ ಬಿಳಿ ಬಟ್ಟೆ ತೆಗೆದ. ಹಿಂದಿನ ಉದ್ದ ಸೀಟಿನ ಮೇಲೆ ಹರಡಿದ. ಮೂಲೆ ಎತ್ತಿದ, ಮಡಿಸಿದ, ಕೆಳಗೆ ತುರುಕಿದ. ಒಂದು ಮೂಲೆ ಹೇಗೆ ಮಾಡಿದರೂ ಸೊಟ್ಟಗೇ ಉಳಿಯಿತು.

"ಬಾ ಲಾಲಿ."

ಲಾಲಿ ಬಾಗಿಲಲ್ಲಿ ನಿಂತು ನೋಡಿದಳು. ಅವಳ ಕೈ ಆ ಸೊಟ್ಟ ಮೂಲೆಯ ಕಡೆಗೆ ಅರ್ಧ ಹೋಯಿತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಯಾರು ಹಾಸಿದ್ದೋ ಏನೋ, ಗೊತ್ತೇ ಆಗ್ತಿಲ್ಲ," ಎಂದು ಮಲಗಿದವಳಿಗೆ ಕ್ಷಣದಲ್ಲಿ ನಿದ್ದೆ ಹತ್ತಿತು.

ತನಗೆ ಮಲಗಲು ಜಾಗವಿಲ್ಲದೆ ಅವನು ಸ್ಟೀರಿಂಗಿಗೆ ಮಂಡಿ ಒತ್ತಿಕೊಂಡು ನೆಟ್ಟಗೆ ಕುಳಿತ. ಶಾಮಿಯಾನದಡಿ ಥಿಯೋಫಿಲಸ್ ಆಗಸ್ಟಸ್ ಹ್ಯಾರಿಗನ್ ಅವರ ಆತ್ಮಶಾಂತಿಗಾಗಿ ನಾಲ್ಕನೆಯ ಹಾಡು ಎತ್ತಿದರು. ಅದು ಅವನಿಗೂ ಬರುತ್ತಿತ್ತು. ಹೆಂಡತಿಗೆ ಎಚ್ಚರವಾಗದಂತೆ ತಗ್ಗಿದ ದನಿಯಲ್ಲಿ ತಾನೂ ಹಾಡಿಕೊಂಡ.